ಕತ್ತಲಾಗುವ ಹೊತ್ತಿಗೆ ವಾಗಾ ವಾಗಾದಿಂದ ಹೊರಡುವ ಮೊದಲು

ಪ್ರತಿ ಶುಕ್ರವಾರ ಕೆಲಸ ಮುಗಿಸಿಕೊಂಡು ಆಸ್ಟ್ರೇಲಿಯಾದ ಈ ವಾಗಾ ವಾಗಾ ಊರಿನಿಂದ ಕ್ಯಾನ್‌ಬೆರಾದ ಅಕ್ಕನ ಮನೆಗೆ ಕಾರಿನಲ್ಲಿ ಹೋಗಬೇಕೆಂದಿದ್ದೇನೆ, ಎಲ್ಲರೂ ಕಾಂಗರೂಗಳ ಮಾತೆತ್ತಿ ಹೆದರಿಸುತ್ತಾರೆ, ಕಾರಿನ ಮುಂಭಾಗಕ್ಕೆ ಬುಲ್ ಬಾರ್ (ಗುದ್ದಿನ ಪೆಟ್ಟು ತಡೆಯುವ ಲೋಹದ ಚೌಕಟ್ಟು) ಹಾಕಿಸಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಬುಲ್ ಬಾರ್ ನಿಮ್ಮ ರೇಡಿಯೇಟರನ್ನು ಉಳಿಸೀತು. ಆದರೆ ಅದು ಪ್ರಾಣಿಯನ್ನು ಉಳಿಸುವುದಿಲ್ಲ, ಬ್ರೇಕ್ ಒತ್ತಿದ ಮೇಲೆ ಕಾರು ಬೇಗ ನಿಲ್ಲುವಂತೆಯೂ ಮಾಡುವುದಿಲ್ಲ. ಸಾಧ್ಯವಾದರೆ ಆ ಹೊತ್ತಿನಲ್ಲಿ ಹೊರಡಲೇಬೇಡಿ, ಶನಿವಾರ ಬೆಳಿಗ್ಗೆ ಬಿಸಿಲೇರಿದ ಮೇಲೆ ಹೊರಡಿ.

ನಮ್ಮ ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳನ್ನು ಬಿಡುವುದಿಲ್ಲವೆಂಬುದು ನಿಮಗೆ ಗೊತ್ತಿದೆ. ಈ ದಾರಿಯಲ್ಲಿ ಅಂಥ ಗೇಟು ಇಲ್ಲ. ಹಳದಿ ಫಲಕದ ಮೇಲಿನ ಕಪ್ಪು ಕಾಂಗರೂ ಚಿತ್ರವೊಂದೇ ಎಚ್ಚರಿಕೆ. ಹಗಲೆಲ್ಲ ಮರದ ನೆರಳಿನಲ್ಲಿ ಮಲಗಿರುವ ಕಾಂಗರೂಗಳು ಹೊತ್ತು ಇಳಿದ ಮೇಲೆ ಮೇಯಲು ಏಳುತ್ತವೆ, ಬೆಳಗಿನ ಜಾವದಲ್ಲಿಯೂ ಓಡಾಡುತ್ತವೆ. ಮಳೆ ಕಡಿಮೆಯಾದ ವರ್ಷಗಳಲ್ಲಂತೂ ಡಾಂಬರಿನ ಮೇಲೆ ಬಿದ್ದ ಅಷ್ಟಿಷ್ಟು ನೀರು ಅಂಚಿಗೆ ಹರಿದು ಅಲ್ಲಿ ಮಾತ್ರ ಹಸಿರು ಉಳಿದಿರುವುದರಿಂದ, ಹಿಂಡುಗಳು ರಸ್ತೆಯ ಬದಿಗೇ ಬಂದು ನಿಲ್ಲುತ್ತವೆ. ಜೂನ್ ತಿಂಗಳ ಚಳಿಯಲ್ಲಿ ಇಲ್ಲಿ ಸಂಜೆ 5ರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ನೀವು ಕೆಲಸ ಬಿಟ್ಟು ಹೊರಡುವ ಹೊತ್ತೂ ಅದೇ.

ಹೊರಡಲೇಬೇಕಾದ ದಿನ, ದಾರಿಯಲ್ಲಿ ಸಿಗುವ ಹ್ಯೂಮ್ ಹೆದ್ದಾರಿಯಲ್ಲಿ ಗಂಟೆಗೆ 110 ಕಿ.ಮೀ. ವೇಗಕ್ಕೆ ಅನುಮತಿ ಇದೆಯೆಂದು 110ರಲ್ಲಿ ಓಡಿಸಬೇಡಿ. ಒಣ ರಸ್ತೆಯಲ್ಲಿಯೂ 100ರ ವೇಗದ ಕಾರು ಪೂರ್ತಿ ನಿಲ್ಲುವಷ್ಟರಲ್ಲಿ ಸುಮಾರು 100 ಮೀಟರ್ ಸಾಗಿರುತ್ತದೆ, ಲೋ ಬೀಮ್ ಬೆಳಕು ಅಷ್ಟು ದೂರ ತಲುಪುವುದಿಲ್ಲ. ಎದುರಿನಿಂದ ವಾಹನ ಬಾರದಿರುವಾಗ ಹೈ ಬೀಮ್ ಹಾಕಿ. ಪ್ರಾಣಿ ಅಡ್ಡ ಬಂದರೆ ಸ್ಟಿಯರಿಂಗ್ ತಿರುಗಿಸದೆ ನೇರವಾಗಿ ಬ್ರೇಕ್ ಒತ್ತಿ. ಕರುಣೆಯಿಂದ ಕಾರನ್ನು ಪಕ್ಕಕ್ಕೆ ಎಳೆದವರು ಮರಕ್ಕೆ ಗುದ್ದುತ್ತಾರೆ, ಇಲ್ಲವೇ ಕಾರು ಮಗುಚುತ್ತದೆ. ಹೀಗೆ ಹೇಳುವುದು ನನಗೂ ಕಷ್ಟ, ಆದರೂ ಹೇಳಲೇಬೇಕು.

ಒಂದು ದಾಟಿತೆಂದ ಮಾತ್ರಕ್ಕೆ ದಾರಿ ಬಿಡುವಾಯಿತೆಂದು ತಿಳಿಯಬೇಡಿ. ಇಲ್ಲಿಗೆ ಬಂದ ಮೂರನೆಯ ಚಳಿಗಾಲದಲ್ಲಿ, ಯಾಸ್ ಊರು ದಾಟಿ ಬಾರ್ಟನ್ ಹೆದ್ದಾರಿಯಲ್ಲಿ ಹೋಗುತ್ತಿದ್ದಾಗ, ಎದುರಿಗೆ ಜಿಗಿದ ಕಾಂಗರೂ ಆಚೆ ಬದಿ ಸೇರಿದ್ದನ್ನು ಕಂಡು ನಾನು ಮತ್ತೆ ವೇಗ ಹೆಚ್ಚಿಸಿದೆ. ಅದರ ಹಿಂದೆಯೇ ಬಂದ ಇನ್ನೊಂದು ಎಡ ಹೆಡ್‌ಲೈಟಿಗೆ ಬಡಿಯಿತು. ಕಾರನ್ನು ಅಂಚಿಗೆ ನಿಲ್ಲಿಸಿ, ಹಜಾರ್ಡ್ ಲೈಟ್ ಹಾಕಿ, ಟಾರ್ಚ್ ಹಿಡಿದು ಹೋದೆ. ಉಸಿರು ನಿಂತಿತ್ತು, ಆದರೆ ಹೊಟ್ಟೆಯ ಚೀಲ ಅಲುಗುತ್ತಿತ್ತು. ಒಳಗೆ ಕೂದಲಿಲ್ಲದ, ಅಂಗೈಯಷ್ಟು ಮರಿ ಮೊಲೆತೊಟ್ಟನ್ನು ಕಚ್ಚಿಕೊಂಡಿತ್ತು. ವನ್ಯಜೀವಿ ರಕ್ಷಣಾ ಸಹಾಯವಾಣಿಗೆ ಕರೆ ಮಾಡಿದಾಗ, ಮರಿಯನ್ನು ಎಳೆಯಬೇಡಿ, ಬಾಯಿಗೆ ಗಾಯವಾಗುತ್ತದೆ, ನಾವು ಬರುವವರೆಗೆ ತಾಯಿಯ ಮೇಲೆ ಬಟ್ಟೆ ಹೊದಿಸಿ ಬೆಚ್ಚಗಿಡಿ ಎಂದರು. ಸ್ವಯಂಸೇವಕಿ ಹತ್ತಿಬಟ್ಟೆಯ ಚೀಲ ಹಿಡಿದು ಬರುವವರೆಗೆ ನನ್ನ ಸ್ವೆಟರನ್ನು ಹೊದಿಸಿ ಪಕ್ಕದಲ್ಲಿ ಕುಳಿತಿದ್ದೆ.

ಆ ಸಹಾಯವಾಣಿಯ ಸಂಖ್ಯೆಯನ್ನು ಇಂದೇ ನಿಮ್ಮ ಫೋನಿನಲ್ಲಿ ಉಳಿಸಿಕೊಳ್ಳಿ, ಕಾರಿನ ಡಿಕ್ಕಿಯಲ್ಲಿ ಒಂದು ಟಾರ್ಚ್ ಮತ್ತು ಹಳೆಯ ಟವೆಲ್ ಇಟ್ಟಿರಿ.