ಉಳಿದ ಹಂದಿ ಸಂತೆಗೆ ಬೇಡ, ಮೊದಲು ರಕ್ತ ಪರೀಕ್ಷೆ

ಹುಮನಾಬಾದಿನ ಅಣ್ಣಾರೇ, ನಾಲ್ಕು ದಿನದಲ್ಲಿ ಮೂರು ಹಂದಿ ಸತ್ತಿವೆ, ಕಿವಿ ಕೆಂಪಾಗಿತ್ತು, ಉಳಿದ ಒಂಬತ್ತನ್ನು ಮಾರಲೇ, ಲಸಿಕೆ ಹಾಕಿಸಲೇ ಅಂತ ಕೇಳಿದ್ದೀರಿ. ಈಗ ಎರಡೂ ಬೇಡ. ದಯವಿಟ್ಟು ಇವತ್ತೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ, ಇಲ್ಲವೇ ತಾಲೂಕು ಪಶು ಆಸ್ಪತ್ರೆಗೆ ತಿಳಿಸಿ.

ಇದು ಸಾಮಾನ್ಯ ಹಂದಿ ಜ್ವರವೋ ಆಫ್ರಿಕನ್ ಹಂದಿ ಜ್ವರವೋ ಕಣ್ಣಿಂದ ನೋಡಿ ಹೇಳಲಾಗದು, ರಕ್ತ ಪರೀಕ್ಷೆಯೇ ಆಗಬೇಕು. ಮೊದಲನೆಯದಕ್ಕೆ ಲಸಿಕೆ ಇದೆ, ಆದರೆ ಅದು ಆಫ್ರಿಕನ್ ಜ್ವರ ತಡೆಯುವುದಿಲ್ಲ. ಮೇಲಾಗಿ ಒಂದೇ ಸೂಜಿ ಎಲ್ಲಕ್ಕೂ ಚುಚ್ಚಿದರೆ ನೀವೇ ರೋಗ ಹಂಚಿದಂತೆ. ಆಫ್ರಿಕನ್ ಜ್ವರದ ಲಕ್ಷಣ ಕಾಣಲು 4ರಿಂದ 19 ದಿನ ಬೇಕು. ಇವತ್ತು ಚೆನ್ನಾಗಿ ತಿನ್ನುವ ಹಂದಿಯೂ ವೈರಸ್ ಹೊತ್ತಿರಬಹುದು.

ಸತ್ತದ್ದನ್ನು ಕೊಯ್ಯಬೇಡಿ, ರಕ್ತದಲ್ಲೇ ವೈರಸ್ ಹೆಚ್ಚು. ಬಾವಿ, ಹಳ್ಳದಿಂದ ದೂರ, ಆರಡಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿ. ಕೊಟ್ಟಿಗೆಯಲ್ಲಿ ಮೊದಲು ಸಗಣಿ ಪೂರ್ತಿ ತೆಗೆಯಿರಿ, ಹೊಲಸಿನ ಮೇಲೆ ಔಷಧಿ ಕೆಲಸ ಮಾಡದು. ಆಮೇಲೆ 10 ಲೀಟರ್ ನೀರಿಗೆ 200 ಗ್ರಾಂ ಕಾಸ್ಟಿಕ್ ಸೋಡಾ ಬೆರೆಸಿ ಎರಚಿ, ಅರ್ಧ ತಾಸು ಬಿಟ್ಟು ತೊಳೆಯಿರಿ. ಕೈಗವಸು ಬೇಕೇ ಬೇಕು, ಚರ್ಮ ಸುಡುತ್ತದೆ.

ಹೋಟೆಲ್ ಮುಸುರೆ ಸದ್ಯ ನಿಲ್ಲಿಸಿ, ರೋಗ ಬರಲು ಅದರಲ್ಲಿನ ಹಂದಿಮಾಂಸದ ತುಂಡೊಂದೇ ಸಾಕು. ಮನುಷ್ಯರಿಗೆ ಈ ಎರಡೂ ಜ್ವರ ಅಂಟುವುದಿಲ್ಲ, ಆದರೆ ನಿಮ್ಮ ಚಪ್ಪಲಿ ಅದನ್ನು ಪಕ್ಕದೂರಿಗೆ ಒಯ್ಯುತ್ತದೆ.