ಓದುಗರ ಪ್ರಶ್ನೆ, ವೈದ್ಯರ ಉತ್ತರ: ತಾತ ಕುಡಿದೂ 80 ದಾಟಿದರಲ್ಲ?

ಪ್ರಶ್ನೆ: ನಾವು ವಿರಾಜಪೇಟೆ ಕಡೆಯ ಕಾಫಿ ಬೆಳೆಗಾರರು. ಮನೆಯಲ್ಲೇ ದ್ರಾಕ್ಷಿ, ನೆಲ್ಲಿಕಾಯಿ ವೈನ್ ಮಾಡುತ್ತೇವೆ. ಕೈಲ್‌ಪೊಳ್ದ್, ಹುತ್ತರಿಯಂಥ ಕೊಡಗಿನ ಹಬ್ಬ, ಮದುವೆ, ಯಾವುದೇ ಇರಲಿ, ಹಿರಿಯರು ಕುಡಿಯುವುದನ್ನು ಮಕ್ಕಳು ನೋಡಿಯೇ ಬೆಳೆಯುತ್ತಾರೆ. ಕಳೆದ ಕೈಲ್‌ಪೊಳ್ದ್ ದಿನ ನನ್ನ ತಮ್ಮ, 13 ವರ್ಷದ ನನ್ನ ಮಗನಿಗೆ “ಗಂಡು ಹುಡುಗ, ಒಂದು ಗ್ಲಾಸಿನಿಂದ ಏನೂ ಆಗುವುದಿಲ್ಲ” ಎಂದು ವೈನ್ ಕುಡಿಸಿದ. ಶಾಲೆಯಲ್ಲಿ ಮದ್ಯ ವಿಷವೆಂದು ಹೇಳಿಕೊಟ್ಟಿದ್ದಾರೆ. “ವಿಷವಾದರೆ ತಾತ ದಿನಾ ಕುಡಿದೂ 80 ದಾಟಿದರಲ್ಲ?” ಎಂದು ಮಗ ಕೇಳುತ್ತಾನೆ. ಅವನಿಗೆ ಏನು ಹೇಳಲಿ? – ಒಬ್ಬ ತಾಯಿ

ಉತ್ತರ: ಮಗನ ಪ್ರಶ್ನೆಯನ್ನು ಉದ್ಧಟತನವೆಂದು ತಳ್ಳಿಹಾಕಬೇಡಿ. ಮದ್ಯ ವಿಷ ಎಂದಷ್ಟೇ ಕೇಳಿಸಿಕೊಂಡ ಮಗು, ಗುರು ಕಾರೋಣರಿಗೆ (ಕುಲದ ಪೂರ್ವಜರಿಗೆ) ಎಡೆ ಇಡುವಾಗ ಮದ್ಯವನ್ನೂ ಇಟ್ಟು ಆಮೇಲೆ ತಾವೂ ಕುಡಿದು ನಗುನಗುತ್ತಾ ಇರುವ ಹಿರಿಯರನ್ನು ಕಂಡಾಗ, ಒಂದೋ ಶಾಲೆ ಸುಳ್ಳು ಹೇಳಿತೆಂದುಕೊಳ್ಳುತ್ತದೆ, ಇಲ್ಲವೇ ಮನೆಯವರನ್ನು ಕೀಳಾಗಿ ಕಾಣುತ್ತದೆ. ಎರಡರಿಂದಲೂ ಅವನಿಗೆ ಉಪಯೋಗವಿಲ್ಲ. ಆದ್ದರಿಂದ ಹೆದರಿಸುವ ಬದಲು ಲೆಕ್ಕವನ್ನು ತೋರಿಸಿ. ಎಂಟನೇ ತರಗತಿಯ ಹುಡುಗನಿಗೆ ಶೇಕಡಾವಾರು ಲೆಕ್ಕ ಚೆನ್ನಾಗಿಯೇ ಬರುತ್ತದೆ.

ಮೊದಲು ತಾತನ ವಿಷಯ. ಆನೆ ಓಡಾಡುವ ತೋಟದ ದಾರಿಯಲ್ಲಿ ರಾತ್ರಿ ನಡೆದು ಸುಖವಾಗಿ ಮನೆ ಸೇರಿದವರು ಊರಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆಂದು ನೀವು ಮಗನನ್ನು ಆ ದಾರಿಯಲ್ಲಿ ಕಳುಹಿಸುವುದಿಲ್ಲ. ತಾತ ಬದುಕಿದ್ದು ನಿಜ, ಅದಕ್ಕಾಗಿ ಸಂತೋಷಪಡೋಣ. ಆದರೆ ಅದೇ ಓರಗೆಯಲ್ಲಿ ಯಕೃತ್ತು ಕೆಟ್ಟು 50ರೊಳಗೆ ಹೋದವರು ಹಬ್ಬದ ಪಂಕ್ತಿಗೆ ಬಂದು ತಮ್ಮ ಕಥೆ ಹೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಮದ್ಯಪಾನವನ್ನು 1988ರಲ್ಲೇ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲನೇ ಗುಂಪಿಗೆ ಸೇರಿಸಿದೆ. ತಂಬಾಕು ಇರುವುದೂ ಅದೇ ಗುಂಪಿನಲ್ಲಿ. ಬಾಯಿ, ಗಂಟಲು, ಅನ್ನನಾಳ, ಯಕೃತ್ತು, ದೊಡ್ಡ ಕರುಳು, ಸ್ತನ, ಇವುಗಳ ಕ್ಯಾನ್ಸರಿಗೆ ಮದ್ಯದ ನಂಟಿದೆ. ಆರೋಗ್ಯಕ್ಕೆ ತೊಂದರೆಯಿಲ್ಲವೆನ್ನಬಹುದಾದ ಪ್ರಮಾಣ ಯಾವುದೂ ಇಲ್ಲವೆಂದು ಅದೇ ಸಂಸ್ಥೆ 2023ರಲ್ಲಿ ಹೇಳಿತು. ಅಪಾಯವೆಂದರೆ ಎಲ್ಲರಿಗೂ ಆಗಿಯೇ ಆಗುತ್ತದೆ ಎಂದಲ್ಲ, ಯಾರಿಗೆ ಆಗುತ್ತದೆಂದು ಮೊದಲೇ ತಿಳಿಯುವುದಿಲ್ಲ ಎಂದು ಹೇಳಿದರೆ ಈ ವಯಸ್ಸಿನ ಮಕ್ಕಳಿಗೆ ಅರ್ಥವಾಗುತ್ತದೆ.

ಇನ್ನು ಆ “ಒಂದು ಗ್ಲಾಸ್”. ಹಣ್ಣಿನ ರಸದ ಸಕ್ಕರೆಯನ್ನು ಯೀಸ್ಟ್ ತಿಂದು ಎಥನಾಲ್, ಅಂದರೆ ಮತ್ತೇರಿಸುವ ಮದ್ಯಸಾರ, ಮಾಡುತ್ತದೆ. ವೈನಿನಲ್ಲಿ ಅದು ಸಾಮಾನ್ಯವಾಗಿ ಶೇ 12ರ ಆಸುಪಾಸಿನಲ್ಲಿರುತ್ತದೆ. ಮನೆಯ ವೈನನ್ನು ಯಾರೂ ಅಳೆಯುವುದಿಲ್ಲವಾದ್ದರಿಂದ ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದು, ಸಿಹಿಯಾಗಿರುವುದರಿಂದ ನಾಲಿಗೆಗೆ ಅದರ ಖಾರ ಗೊತ್ತಾಗುವುದಿಲ್ಲ. ಅಂಥ 100 ಮಿ.ಲೀ. ವೈನಿನಲ್ಲಿ 12 ಮಿ.ಲೀ., ಅಂದರೆ ತೂಕದಲ್ಲಿ ಸುಮಾರು 9.5 ಗ್ರಾಂ ಎಥನಾಲ್ ಇರುತ್ತದೆ. ಶೇ 42.8ರ ವಿಸ್ಕಿಯ 30 ಮಿ.ಲೀ. ಪೆಗ್ಗಿನಲ್ಲಿ ಇರುವುದು 10 ಗ್ರಾಂ. ಶೇ 8ರ ಸ್ಟ್ರಾಂಗ್ ಬಿಯರಿನ 650 ಮಿ.ಲೀ. ಬಾಟಲಿಯಲ್ಲಿ ಸುಮಾರು 41 ಗ್ರಾಂ, ಎಂದರೆ ಅಂಥ ನಾಲ್ಕು ಪೆಗ್ ವಿಸ್ಕಿಯಷ್ಟು. “ವೈನ್ ತಾನೇ, ಬಿಯರ್ ತಾನೇ” ಎನ್ನುವ ಮಾತು ಎಷ್ಟು ಪೊಳ್ಳೆಂಬುದನ್ನು ಮಗ ತಾನೇ ಕಾಗದದ ಮೇಲೆ ಗುಣಿಸಿ ನೋಡಲಿ.

ಅದೇ ಗ್ಲಾಸು 70 ಕಿಲೋ ತೂಗುವ ಸೋದರಮಾವನ ರಕ್ತದಲ್ಲಿ, ಖಾಲಿ ಹೊಟ್ಟೆಯಾದರೆ, 100 ಮಿ.ಲೀ.ಗೆ ಅಂದಾಜು 20 ಮಿ.ಗ್ರಾಂ ಆಗುತ್ತದೆ, 40 ಕಿಲೋ ತೂಗುವ ಹುಡುಗನಲ್ಲಿ 35ರ ಹತ್ತಿರ ಬರುತ್ತದೆ. ನಮ್ಮ ದೇಶದಲ್ಲಿ ವಾಹನ ಓಡಿಸುವವರಿಗೆ ಕಾನೂನು ಹಾಕಿರುವ ಮಿತಿ 30. ಯಕೃತ್ತು ಗಂಟೆಗೆ ಏಳೆಂಟು ಗ್ರಾಂನಷ್ಟನ್ನು ಮಾತ್ರ ಕರಗಿಸಬಲ್ಲದು, ತಣ್ಣೀರಿನ ಸ್ನಾನದಿಂದಾಗಲೀ ಕಾಫಿಯಿಂದಾಗಲೀ ಅದರ ವೇಗ ಹೆಚ್ಚುವುದಿಲ್ಲ. (ಕೊಡಗಿನ ಕಾಫಿಯಿಂದಲೂ ಇಲ್ಲ.)

ತೂಕಕ್ಕಿಂತ ದೊಡ್ಡ ವಿಷಯ ಮೆದುಳು. ಮುಂದಾಲೋಚನೆ, ತಡೆದುಕೊಳ್ಳುವ ಶಕ್ತಿ ಇವುಗಳಿಗೆ ಆಧಾರವಾದ ಮೆದುಳಿನ ಮುಂಭಾಗ ಸುಮಾರು 25 ವರ್ಷದವರೆಗೂ ಬೆಳೆಯುತ್ತಿರುತ್ತದೆ. ಮೋಜನ್ನು ಬಯಸುವ ಭಾಗ ಮಾತ್ರ ಹದಿಮೂರು ಹದಿನಾಲ್ಕರಲ್ಲೇ ಚುರುಕಾಗಿರುತ್ತದೆ. ಈ ಎರಡರ ನಡುವಿನ ವರ್ಷಗಳಲ್ಲಿ ಮದ್ಯ ಸೇರಿದರೆ ನೆನಪು, ಕಲಿಕೆ ಎರಡೂ ಪೆಟ್ಟು ತಿನ್ನುತ್ತವೆ. 1997ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಸಮೀಕ್ಷೆಯೊಂದರಲ್ಲಿ, 15 ತುಂಬುವ ಮೊದಲೇ ಕುಡಿಯಲು ತೊಡಗಿದವರಲ್ಲಿ ಶೇ 40ಕ್ಕೂ ಹೆಚ್ಚು ಮಂದಿ ಬದುಕಿನ ಯಾವುದೋ ಹಂತದಲ್ಲಿ ಚಟಕ್ಕೆ ಬಿದ್ದಿದ್ದರು. 21ರ ನಂತರ ತೊಡಗಿದವರಲ್ಲಿ ಅದು ಸುಮಾರು ಶೇ 10. ಮನೆಯ ವಾತಾವರಣ, ವಂಶದ ಗುಣ ಇವುಗಳ ಪಾಲೂ ಇದರಲ್ಲಿ ಇರಬಹುದು. ಆದರೂ ಮೊದಲ ಗ್ಲಾಸನ್ನು ಆದಷ್ಟು ಮುಂದೂಡಬೇಕೆನ್ನುವುದಕ್ಕೆ ಇಷ್ಟು ಸಾಕು.

ನಿಮ್ಮ ತಮ್ಮನಿಗೆ ಹೇಳಬೇಕಾದದ್ದು ಬೇರೆಯೇ ಇದೆ. 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನ ಪ್ರಕಾರ, ವೈದ್ಯರ ಆದೇಶವಿಲ್ಲದೆ 18 ತುಂಬದ ಮಗುವಿಗೆ ಮದ್ಯ ಕೊಡುವವರಿಗೆ ಏಳು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿಯವರೆಗೆ ದಂಡ ಆಗಬಹುದು. ಸೋದರಮಾವನಿಗೆ ಅದರಲ್ಲಿ ವಿನಾಯಿತಿ ಬರೆದಿಲ್ಲ. ಹಿರಿಯರಿಗೆ ಎಡೆ ಇಡುವುದು ಪದ್ಧತಿಯಾಗಿರಬಹುದು, ಹುಡುಗನ ಬಾಯಿಗೆ ಗ್ಲಾಸು ಹಿಡಿಯುವುದು ಯಾವ ಪದ್ಧತಿಯೂ ಅಲ್ಲವೆಂದು ಮನೆಯ ಹಿರಿಯರೊಬ್ಬರ ಬಾಯಿಂದಲೇ ಹೇಳಿಸಿ. ಅಕ್ಕ ಹೇಳಿದರೆ ಅವನು ನಕ್ಕುಬಿಡಬಹುದು.

ಮಗನೊಂದಿಗೆ ಎರಡು ಒಪ್ಪಂದ ಮಾಡಿಕೊಳ್ಳಿ. ಬೇಡವೆನ್ನಲು ಅವನಿಗೊಂದು ನೆಪವನ್ನು ಮೊದಲೇ ಸಿದ್ಧಮಾಡಿ ಕೊಡಿ. “ನಾಳೆ ಬೆಳಗ್ಗೆ ಹಾಕಿ ಪ್ರಾಕ್ಟೀಸ್ ಇದೆ” ಎಂದರೆ ಕೊಡಗಿನಲ್ಲಿ ಯಾರೂ ಮರುಮಾತಾಡುವುದಿಲ್ಲ. ಇನ್ನೊಂದು, ಕುಡಿದವರ ಜೀಪಿನಲ್ಲೋ ಬೈಕಿನಲ್ಲೋ ಹತ್ತಬೇಕಾಗಿ ಬಂದರೆ, ಅಥವಾ ತಾನೇ ಕುಡಿದಿದ್ದರೂ ಸರಿ, ಎಷ್ಟು ಹೊತ್ತಿಗಾದರೂ ಫೋನ್ ಮಾಡಿದರೆ ನೀವು ಬಂದು ಕರೆದೊಯ್ಯುತ್ತೀರಿ, ಆ ರಾತ್ರಿ ಬೈಯುವುದಿಲ್ಲ. ಮಾತು ಮರುದಿನ.

ಪ್ರಶ್ನೆ: ನಾನು ಸೋಮವಾರಪೇಟೆ ತಾಲ್ಲೂಕಿನ ಪ್ರೌಢಶಾಲೆಯ ಶಿಕ್ಷಕಿ. ಲೈನ್ ಮನೆಗಳಿಂದ (ತೋಟದ ಕಾರ್ಮಿಕರ ಸಾಲು ಮನೆಗಳಿಂದ) ಬರುವ ಕೆಲವು ಮಕ್ಕಳ ತಂದೆಯರು ಬಟವಾಡೆ ಹಣವನ್ನೆಲ್ಲ ಕುಡಿದು ಕಳೆಯುತ್ತಾರೆ. ಮದ್ಯದ ಬಗ್ಗೆ ಪಾಠ ಮಾಡುವಾಗ ಆ ಮಕ್ಕಳು ತಲೆ ತಗ್ಗಿಸುತ್ತಾರೆ. ಹೇಗೆ ಹೇಳಿಕೊಡಲಿ?

ಉತ್ತರ: ಯಾರ ಮನೆಯಲ್ಲಿ ಕುಡಿಯುತ್ತಾರೆಂದು ತರಗತಿಯಲ್ಲಿ ಕೈ ಎತ್ತಿಸಬೇಡಿ, ಬೀದಿ ನಾಟಕದಲ್ಲಿ ಕುಡುಕನನ್ನು ಹಾಸ್ಯದ ಪಾತ್ರ ಮಾಡುವುದನ್ನೂ ಬಿಡಿ. ಎಲ್ಲರೂ ನಗುವಾಗ ಆ ಮಗುವಿಗೆ ಕಾಣುವುದು ತನ್ನ ಅಪ್ಪ. ಮದ್ಯದ ಚಟ ಒಂದು ಕಾಯಿಲೆ, ಅದಕ್ಕೆ ಚಿಕಿತ್ಸೆಯಿದೆ, ಅಪ್ಪ ಕುಡಿಯುವುದಕ್ಕೆ ಮಗು ಕಾರಣವಲ್ಲ, ಬಿಡಿಸುವ ಹೊಣೆಯೂ ಮಗುವಿನದಲ್ಲ ಎಂದು ಇಡೀ ತರಗತಿಗೆ ಸೇರಿಸಿ ಹೇಳಿದರೆ, ಕೇಳಬೇಕಾದವರು ಕೇಳಿಸಿಕೊಳ್ಳುತ್ತಾರೆ. ಮಾನಸಿಕ ಆರೋಗ್ಯದ ಉಚಿತ ಸಹಾಯವಾಣಿ ಟೆಲಿ ಮಾನಸ್ 14416, ಮಕ್ಕಳ ಸಹಾಯವಾಣಿ 1098. ಎರಡನ್ನೂ ಕಪ್ಪು ಹಲಗೆಯ ಮೂಲೆಯಲ್ಲಿ ಬರೆದಿಡಿ, ಯಾರೂ ಎದ್ದು ಬಂದು ಕೇಳಬೇಕಾಗದಂತೆ.

ತಾಯಂದಿರು ಬಂದರೆ ಒಂದು ಮಾತನ್ನು ತಪ್ಪದೇ ತಿಳಿಸಿ. ವರ್ಷಗಟ್ಟಲೆ ದಿನವೂ ಕುಡಿದವರು ಆಣೆ ಪ್ರಮಾಣ ಮಾಡಿ ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ನಡುಕ, ಫಿಟ್ಸ್, ಭ್ರಮೆ ಬರಬಹುದು, ಪ್ರಾಣಕ್ಕೂ ಅಪಾಯವಾಗಬಹುದು. ಬಿಡುವ ಮನಸ್ಸು ಮಾಡಿದ ದಿನವೇ ಮಡಿಕೇರಿಯ ಜಿಲ್ಲಾ ಆಸ್ಪತ್ರೆಯ ವೈದ್ಯರನ್ನು ಕಾಣುವುದು ಮೇಲು.

ಪ್ರಶ್ನೆ: ಮಳೆಗಾಲದಲ್ಲಿ ಶೀತವಾದರೆ ಮಕ್ಕಳಿಗೆ ಬಿಸಿನೀರಿನಲ್ಲಿ ಒಂದು ಚಮಚ ಬ್ರಾಂದಿ ಕೊಡುತ್ತೇವೆ. ಸರಿಯೇ? – ಭಾಗಮಂಡಲದ ಓದುಗರು

ಉತ್ತರ: ಸರಿಯಲ್ಲ. ಬ್ರಾಂದಿ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಆದ್ದರಿಂದ ಮೈ ಬೆಚ್ಚಗಾದಂತೆ ಅನ್ನಿಸುತ್ತದೆ. ನಿಜಕ್ಕೂ ಒಳಗಿನ ಶಾಖ ಹೊರಗೆ ಹೋಗುತ್ತಿರುತ್ತದೆ. ಶೀತ ತರುವ ವೈರಾಣುವಿಗೆ ಅದರಿಂದ ಏನೂ ಆಗುವುದಿಲ್ಲ. ಇದಲ್ಲದೆ ಮಕ್ಕಳಲ್ಲಿ ಮದ್ಯವು ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲದು. ಬ್ರಾಂದಿ, ವೈನ್ ಬಾಟಲಿಗಳನ್ನು ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ. ಯಾವ ಮಗುವಾದರೂ ಕುಡಿದು ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾಗಿದ್ದರೆ, ಮೈ ತಣ್ಣಗಾಗಿದ್ದರೆ ನಿದ್ರೆ ಮಾಡಿ ಸುಧಾರಿಸಿಕೊಳ್ಳಲೆಂದು ಬಿಡಬೇಡಿ. ವಾಂತಿ ಶ್ವಾಸನಾಳಕ್ಕೆ ಹೋಗದಂತೆ ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನನ್ನೂ ಹಾಕದೆ, 108ಕ್ಕೆ ಕರೆ ಮಾಡಿ. ಏನು ಕುಡಿಯಿತು, ಎಷ್ಟು, ಎಷ್ಟು ಹೊತ್ತಿನ ಹಿಂದೆ ಎಂಬುದನ್ನು ಮುಚ್ಚಿಡದೆ ವೈದ್ಯರಿಗೆ ತಿಳಿಸಿ. ಆ ಬಾಟಲಿಯನ್ನೂ ಜೊತೆಗೆ ಒಯ್ಯಿರಿ.