ಪಿ-ವ್ಯಾಲ್ಯೂ ತಲೆಗೆ ಹತ್ತುತ್ತಿಲ್ಲವೇ?

ಪ್ರಶ್ನೆ: ಪದವಿಯ ಮೊದಲ ವರ್ಷದಲ್ಲಿದ್ದೇನೆ. ಸರಾಸರಿ, ಸ್ಟ್ಯಾಂಡರ್ಡ್ ಡೀವಿಯೇಷನ್ ತನಕ ಸ್ಟ್ಯಾಟಿಸ್ಟಿಕ್ಸ್ ಸಲೀಸಾಗಿತ್ತು. ಪಿ-ವ್ಯಾಲ್ಯೂ ಬಂದ ಮೇಲೆ ಏನೂ ಅರ್ಥವಾಗುತ್ತಿಲ್ಲ. ಸೂತ್ರ ಬಾಯಿಪಾಠ ಮಾಡಿದರೆ ಸಾಕಾ?

ಉತ್ತರ: ಸಾಲದು. ನನ್ನ ತರಗತಿಯಲ್ಲೂ ಜಾಸ್ತಿ ಮಂದಿ ಎಡವುವುದು ಇಲ್ಲೇ. ಲೆಕ್ಕ ಕಷ್ಟ ಅಂತಲ್ಲ, ಯೋಚನೆಯ ದಿಕ್ಕೇ ತಿರುಗುತ್ತದೆ. ನಾಣ್ಯವನ್ನು 10 ಸಲ ಚಿಮ್ಮಿದಿರಿ, 8 ಸಲ ತಲೆ ಬಿತ್ತು ಅನ್ನಿ. ಅದು ತಲೆಯ ಕಡೆಗೇ ವಾಲುತ್ತದಾ? ಮೊದಲು ಇಲ್ಲ ಅಂತಲೇ ಇಟ್ಟುಕೊಳ್ಳಿ. ಆಗ 8 ಅಥವಾ ಅದಕ್ಕಿಂತ ಜಾಸ್ತಿ ತಲೆ ಬೀಳುವ ಸಾಧ್ಯತೆ, 10 ಚಿಮ್ಮುವಿಕೆ ಬೀಳಬಹುದಾದ ಒಟ್ಟು 1024 ಬಗೆಗಳಲ್ಲಿ 56, ಸುಮಾರು 5.5%. ಅದೇ ಪಿ-ವ್ಯಾಲ್ಯೂ. ನಾಣ್ಯ ಸರಿಯಿರುವ ಸಾಧ್ಯತೆಯೇ 5.5% ಅಂತ ಮಾತ್ರ ಓದಬೇಡಿ. ಅಂಕ ಹೋಗುವುದೇ ಅಲ್ಲಿ, ನೋಡಿದರೆ ಬೇಜಾರಾಗುತ್ತದೆ. 45, 10, 1 ಕೂಡಿದರೆ 56 ಅಲ್ವಾ? ಆ ಮೂರು ಸಂಖ್ಯೆ ಎಲ್ಲಿಂದ ಬಂದವು ಅಂತ ಇವತ್ತೇ ಕೈಯಾರೆ ಬರೆದು ನೋಡಿ.